ಹಿಮ ಹತ್ತುವ ಪಟ್ಟಿಗೆ ವಿಭೂತಿ ಹಚ್ಚಿದ ವರ್ಷ

ಹೋದ ವಾರ ನಮ್ಮ ಓಣಿಯ ಇಸ್ತ್ರಿ ಅಂಗಡಿಯ ಮುಂದೆ ಹಾದು ಬರುತ್ತಿದ್ದೆ. ಯಾರದೋ ಅಂಗಿಯ ಕಾಲರಿನ ಅಂಟು ಬಿಸಿ ಪೆಟ್ಟಿಗೆಗೆ ಕರಗಿ ಘಾಟು ಎದ್ದಿತ್ತು. ಹಿಂದೆ ಬರುತ್ತಿದ್ದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ಇಸ್ತ್ರಿಯವನ ಮೇಲಲ್ಲ, ಅವನು ಪಾಪದವನು. ಕೊರೊನಾ ಮುಗಿದ ಮೇಲೆ ಬಂದ ಒಂದು ವರ್ಷ, ದಸರೆಯಿಂದ ಶಿವರಾತ್ರಿಯವರೆಗೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಆ ಘಾಟಿನೊಳಗಿಂದ ಎದ್ದು ಬಂತು. ಮುಗಿದೇ ಹೋಯಿತು ಅಂದುಕೊಂಡಿದ್ದ ಜಗಳ ಮತ್ತೆ ಹೊಸದಾಯಿತು. ಆಗ ಜಗಳವಾಡಲು ನನಗಿದ್ದದ್ದು ಬಾಯಿ ಒಂದೇ. ಈಗ ಮೊಮ್ಮಗಳು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದ್ದಾಳೆ. ಒಂದೇ ಬೆರಳಿನಲ್ಲಿ, ನಿಧಾನವಾಗಿ ಒತ್ತುತ್ತೇನೆ. ಇದರಲ್ಲಿರುವ ದೊಡ್ಡ ಕೊರತೆ ಏನೆಂದರೆ, ಎಷ್ಟು ಸಿಟ್ಟಿನಿಂದ ಒತ್ತಿದರೂ ಅಕ್ಷರ ದಪ್ಪವಾಗುವುದಿಲ್ಲ. ಓದುವವರೇ ದಪ್ಪ ಮಾಡಿಕೊಂಡು ಓದಬೇಕು.

ನಮ್ಮದು ಕೊಪ್ಪಳಕ್ಕೆ ತಾಗಿಕೊಂಡೇ ಇರುವ ಭಾಗ್ಯನಗರ. ಒಂದು ಓಣಿಯಲ್ಲಿ ಮಗ್ಗದ ಸದ್ದು, ಇನ್ನೊಂದು ಓಣಿಯಲ್ಲಿ ಕೂದಲಿನ ಕೆಲಸ. ದೇವರಿಗೆ ಮುಡಿ ಕೊಟ್ಟ ಕೂದಲು, ಬಾಚಣಿಕೆಯಲ್ಲಿ ಉದುರಿದ ಕೂದಲು, ಎಲ್ಲ ಚೀಲಗಟ್ಟಲೆ ಬರುತ್ತದೆ. ಹೆಂಗಸರು ಕುಳಿತು ಸಿಕ್ಕು ಬಿಡಿಸಿ, ಬುಡ ತುದಿ ನೋಡಿ ಜೋಡಿಸುತ್ತಾರೆ. ಕಣ್ಣು ಮಂಜಾಗುವವರೆಗೆ ನಾನೂ ಅದನ್ನೇ ಮಾಡಿದವಳು. ನನ್ನ ಮಗ ಬಸವರಾಜ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಯಲ್ಲಿ ಪಾನಾ ಇದ್ದರೆ ಒಂದೆರಡು ಮಾತು ಆಡುತ್ತಾನೆ, ಇಲ್ಲದಿದ್ದರೆ ಅದೂ ಇಲ್ಲ. ಅವನ ಮಗಳು ರೇಣುಕಾ ಯಲಬುರ್ಗಾದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದಾಗ ಇವಳನ್ನು ಹಿಮಾಚಲಕ್ಕೆ ಒಯ್ದು, ಕಾಲಿಗೆ ಸ್ಕೀ ಅನ್ನುವ ಉದ್ದನೆಯ ಹಲಗೆ ಕಟ್ಟಿ, ಹಿಮದ ಮೇಲೆ ಜಾರುವುದನ್ನು ಕಲಿಸಿ ಕಳಿಸಿದ್ದರು. ನೌಕರಿ ಸಿಕ್ಕ ಮೇಲೆ ರಜೆಯಲ್ಲಿ ಮತ್ತೊಮ್ಮೆ ಹೋಗಿ ಇನ್ನಷ್ಟು ಕಲಿತು ಬಂದಳು. ಬಿಸಿಲಿಗೆ ಬಂಡೆ ಸಿಡಿಯುವ ಊರಿನ ಹುಡುಗಿಗೆ ಹಿಮದ ಹುಚ್ಚು ಹತ್ತಿತು. ಹತ್ತಿದರೆ ತಪ್ಪೇನು ಅಂತ ನಾನು ಆಗಲೂ ಕೇಳಿದ್ದೆ, ಈಗಲೂ ಕೇಳುತ್ತೇನೆ.

ಆ ವರ್ಷ ಅಲ್ಲಿನ ಗೈಡ್ ತಾಶಿ ಎಂಬಾತ, ಶಿವರಾತ್ರಿ ಆಸುಪಾಸಿಗೆ ಕೆಲವೇ ಜನರನ್ನು ಎತ್ತರದ ಪರ್ವತಗಳಿಗೆ ಕರೆದುಕೊಂಡು ಹೋಗುವವನಿದ್ದ. ಕಲಿಯುವವರ ಮೈದಾನವಲ್ಲ ಅದು, ನಿಜವಾದ ಗುಡ್ಡ. ರೇಣುಕಾಗೆ ಜಾಗ ಕೊಡುತ್ತೇನೆ, ಆದರೆ ಅಷ್ಟೊತ್ತಿಗೆ ಕಾಲು ಮತ್ತು ಸಾಮಾನು ಎರಡೂ ತಯಾರಿರಬೇಕು ಎಂದಿದ್ದ. ಆ ಮಾತು ಬಂದ ದಿನ ಅವಳು ಅಡುಗೆ ಮನೆಗೆ ಬಂದು ನನ್ನ ಪಕ್ಕ ಕುಳಿತು ಹೇಳಿದಳು.

"ಆಯಿ, ಇಳಿಯೂದು ಎಲ್ಲಾರೂ ಇಳೀತಾರ. ಇದರಾಗ ಹತ್ತೂದು ಐತಿ."

"ಮ್ಯಾಲ ಬಸ್ ಹೋಗೂದಿಲ್ಲೇನ?"

"ಬಸ್ಸೂ ಇಲ್ಲ, ತಂತಿ ಮ್ಯಾಲಿನ ತೊಟ್ಟಲಾನೂ ಇಲ್ಲ. ಆ ಹಲಗಿ ಕಾಲಾಗ ಕಟ್ಟಿಕೊಂಡ ಹತ್ತಬೇಕು. ಹತ್ತಿ, ಆ ಕಡೆ ಇಳಿದು, ಡೇರೆ ಹಾಕಿ, ಮರುದಿನ ಮತ್ತ ಹತ್ತೂದು."

"ಜಾರೂ ಹಲಗಿ ಕಟ್ಟಿಕೊಂಡು ಹತ್ತೂದಂದ್ರ, ಎಣ್ಣಿ ಬಳದ ಕಂಬ ಹತ್ತಿದಂಗ ಆತಲ್ಲವಾ."

ಅವಳು ನಕ್ಕು ಒಳಗೆ ಹೋಗಿ ಒಂದು ಚೀಲ ತಂದಳು. ಕೋರ್ಸಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಹಿಮಕ್ಕೆ ಹೋಗುವುದನ್ನು ಬಿಟ್ಟಿದ್ದಳಂತೆ. ಅವಳ ಬೂಟು, ಸ್ಕೀ, ಹತ್ತುವ ಪಟ್ಟಿ ಎಲ್ಲ ಇವಳ ಪಾಲಿಗೆ ಬಂದಿದ್ದವು. ಸ್ಕೀ ಮಾತ್ರ ತಾಶಿಯ ಹತ್ತಿರವೇ ಇಟ್ಟಿದ್ದಳು. ಚೀಲದಿಂದ ಅಂಗೈ ಅಗಲದ, ಆಳುದ್ದದ ಎರಡು ರೋಮದ ಪಟ್ಟಿ ತೆಗೆದಳು. ಒಂದು ಮೈ ರೋಮ, ಇನ್ನೊಂದು ಮೈ ಅಂಟು. ಹತ್ತುವಾಗ ಇದನ್ನು ಸ್ಕೀಯ ಅಡಿಗೆ ಅಂಟಿಸುತ್ತಾರೆ. ರೋಮವೆಲ್ಲ ಹಿಂದಕ್ಕೆ ಮಲಗಿರುತ್ತದೆ. ಕಾಲು ಮುಂದಕ್ಕೆ ದೂಡಿದರೆ ಜಾರುತ್ತದೆ, ಹಿಂದಕ್ಕೆ ಜಗ್ಗಿದರೆ ಹಿಮ ಕಚ್ಚಿ ನಿಲ್ಲುತ್ತದೆ. ತುದಿ ಮುಟ್ಟಿದ ಮೇಲೆ ಕಿತ್ತು, ಅಂಟಿಗೆ ಅಂಟು ಕೂಡಿಸಿ ಮಡಚಿ, ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡು ಇಳಿಯುತ್ತಾರೆ. ಅಂಟು ತಣ್ಣಗಾಗಬಾರದಂತೆ. ಕೋಳಿ ಮೊಟ್ಟೆಗೆ ಕಾವು ಕೊಟ್ಟ ಹಾಗೆ. ನಾನು ಬೆರಳಿನಿಂದ ಸವರಿ ನೋಡಿದೆ. ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ತಡೆ. ನಮ್ಮ ಕೂದಲಿನ ಜುಟ್ಟೂ ಹೀಗೇ. ಅವತ್ತಿನಿಂದ ನಾನು ಅವಳ ಕಡೆ.

ತಯಾರಿ ಶುರುವಾಯಿತು. ಹಿಮದ ಬೂಟು ಅಂದರೆ ಚರ್ಮದ್ದಲ್ಲ, ಗಟ್ಟಿ ಪ್ಲಾಸ್ಟಿಕ್ಕಿನದು, ಮೊಣಕಾಲಿನ ಹತ್ತಿರದವರೆಗೆ ಬರುತ್ತದೆ. ಅದು ಕಾಲಿಗೆ ಒಗ್ಗಬೇಕಾದರೆ ಹಾಕಿಕೊಂಡೇ ತಿರುಗಬೇಕು. ಬೆನ್ನಿಗೆ ಜೋಳ ತುಂಬಿದ ಚೀಲ, ಕಾಲಿಗೆ ಆ ಬೂಟು, ನಮ್ಮ ಓಣಿಯಲ್ಲಿ ಟಕ್ ಟಕ್ ಅಂತ ಹೊರಟರೆ ಎತ್ತುಗಳೇ ತಿರುಗಿ ನೋಡುತ್ತಿದ್ದವು. ಎತ್ತು ನೋಡಿದರೆ ನೋಡಲಿ. ಮನುಷ್ಯರು ಸುಮ್ಮನಿರಬೇಕಲ್ಲ.

"ಏನ್ರೀ ಟೀಚರಮ್ಮಾರ, ಎರಡೂ ಕಾಲು ಒಮ್ಮೆಲೆ ಮುರಕೊಂಡೀರೇನ? ಪ್ಲಾಸ್ಟರ್ ಹಾಕ್ಯಾರಲ್ಲ," ಎಂದ ಎದುರು ಮನೆಯವ.

ಅದು ಚೇಷ್ಟೆ, ಬಿಡಿ. ಆದರೆ ಹಿಂದಿನ ಓಣಿಯ ಹೆಂಗಸೊಬ್ಬಳು ಇದನ್ನು ನಿಜವೆಂದೇ ನಂಬಿ, ಬಾಳೆಹಣ್ಣು ಹಿಡಿದುಕೊಂಡು ರೋಗಿಯನ್ನು ನೋಡಲು ಬಂದಳು. ಹಣ್ಣು ಇಸಿದುಕೊಂಡು, ಹುಡುಗಿ ಗುಡ್ಡ ಹತ್ತಲು ಹೋಗ್ಯಾಳ ಅಂದೆ. ಮುಖ ಸಣ್ಣದು ಮಾಡಿಕೊಂಡು ಹೋದಳು, ಕಾಲು ಮುರಿದಿಲ್ಲವಲ್ಲ ಅಂತ ಅವಳಿಗೆ ಬೇಸರವಾದ ಹಾಗಿತ್ತು. ಗರಡಿ ಮನೆಯ ಹುಡುಗರು ಲಂಗೋಟಿ ಕಟ್ಟಿ ಬೀದಿಯಲ್ಲೇ ಕಲ್ಲು ಎತ್ತಿದರೆ, ಭೇಷ್ ಅನ್ನುತ್ತಾರೆ, ಹಾಲು ಕೊಡುತ್ತಾರೆ. ಮೈತುಂಬ ಬಟ್ಟೆ ಹಾಕಿಕೊಂಡು ಒಬ್ಬ ಹುಡುಗಿ ಜೋಳದ ಚೀಲ ಹೊತ್ತು ನಡೆದರೆ ಇವರು ಬಾಳೆಹಣ್ಣು ಹಿಡಿದುಕೊಂಡು ಬರುತ್ತಾರೆ. ಯಾಕೆ ಅಂತ ಯಾರೂ ನನಗೆ ಹೇಳಿಲ್ಲ.

ವಾರವೆಲ್ಲ ಸಾಲೆ ಮುಗಿಸಿ ಯಲಬುರ್ಗಾದಿಂದ ಬಂದ ಮೇಲೆ ಊರ ಗುಡ್ಡ, ಭಾನುವಾರ ಹೇಮಗುಡ್ಡ. ಗಂಗಾವತಿ ಬಸ್ಸಿನಲ್ಲಿ ಅವಳ ಜೊತೆ ನಾನೂ ಹೋಗುತ್ತಿದ್ದೆ. ನಾನು ಕೆಳಗೆ ನೆರಳಿನಲ್ಲಿ ಕುಳಿತು ಅವಲಕ್ಕಿ ಗಂಟು ಕಾಯುವುದು, ಅವಳು ದುರ್ಗಮ್ಮನ ಗುಡಿ ದಾಟಿ ಮೇಲಕ್ಕೆ ಹೋಗಿ ಇಳಿದು, ಮತ್ತೆ ಹೋಗಿ ಇಳಿಯುವುದು. ಭಾದ್ರಪದದ ಬಿಸಿಲಿಗೆ ಬಂಡೆ ಕಾದು ಹಂಚಾಗಿರುತ್ತಿತ್ತು. ಕೆಳಗೆ ಬಂದು ಬೂಟು ಕಳಚಿ ಬಗ್ಗಿಸಿದರೆ ಬೆವರು ಸುರಿಯುತ್ತಿತ್ತು. ಹಿಮಕ್ಕೆ ಹೋಗಲು ಇಷ್ಟು ಬೆವರು ಬೇಕಾ ಅಂತ ಕೇಳಿದರೆ, "ಬೇಕು ಆಯಿ, ಅಲ್ಲಿ ಉಸಿರ ಸಾಲೂದಿಲ್ಲ. ಇಲ್ಲೇ ಗಳಿಸಿ ಒಯ್ಯಬೇಕು," ಎನ್ನುತ್ತಿದ್ದಳು. ಒಂದೊಂದು ಸಲ ವಿರೂಪಾಪುರಗಡ್ಡೆಯ ಕಡೆ ಹೋಗಿ, ಭತ್ತದ ಗದ್ದೆಯ ಅಂಚಿನ ಬಂಡೆಗುಂಡುಗಳ ಮೇಲೆ ಕಾಲಿಡುವುದನ್ನು ಅಭ್ಯಾಸ ಮಾಡುತ್ತಿದ್ದಳು.

ಹೀಗಿರುವಾಗ ಮಹಾನವಮಿ ಬಂತು. ಕುಷ್ಟಗಿಯಿಂದ ನನ್ನ ನಾದಿನಿ ನೀಲಮ್ಮಕ್ಕ ಬಂದರು. ನನ್ನ ಗಂಡನ ಅಕ್ಕ. ನನ್ನ ಗಂಡ ಇದ್ದಾಗಲೂ ಈ ಮನೆಯಲ್ಲಿ ಪೂಜೆಯ ಯಜಮಾನಿಕೆ ಈ ಅಕ್ಕನದೇ, ಅವರು ತೀರಿಕೊಂಡ ಮೇಲೂ ಅಕ್ಕನದೇ. ನಮ್ಮದು ಮೆಕ್ಯಾನಿಕ್ ಮನೆ. ಖಂಡೇ ಪೂಜೆ ಅಂದರೆ ಯುಗಾದಿಗಿಂತ ದೊಡ್ಡದು. ಪಾನಾ, ಜಾಕು, ಸುತ್ತಿಗೆ, ಕುಡಗೋಲು, ಈಳಿಗೆ, ನನ್ನ ಹಳೆಯ ಕೂದಲು ಬಾಚುವ ಮುಳ್ಳಿನ ಹಲಗೆ, ಎಲ್ಲ ತೊಳೆದು ಸಾಲಾಗಿ ಜೋಡಿಸುತ್ತಾರೆ. ಪೂಜೆಯಾದ ಮೇಲೆ ಮರುದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವಂತಿಲ್ಲ. ದುಡಿಯುವ ಸಾಮಾನಿಗೆ ವರ್ಷಕ್ಕೊಮ್ಮೆ ವಿಶ್ರಾಂತಿ. ಒಳ್ಳೆಯ ಪದ್ಧತಿ, ನಾನು ಇಲ್ಲ ಅನ್ನುವುದಿಲ್ಲ.

ರೇಣುಕಾ ಅವತ್ತು ಮುಂಜಾನೆಯೇ ಬೂಟು ಹಾಕಿಕೊಂಡು ಹೇಮಗುಡ್ಡಕ್ಕೆ ಹೋಗಿದ್ದಳು. ನಾನು ಹೋಳಿಗೆ ಬೇಯಿಸುತ್ತಿದ್ದೆ. ನೀಲಮ್ಮಕ್ಕ ಮನೆಯೆಲ್ಲ ಹುಡುಕಿ, ಅವಳ ಚೀಲ ಕಂಡು, ರೋಮದ ಪಟ್ಟಿ ತೆಗೆದರು. ಯಾವುದೋ ಪ್ರಾಣಿಯ ತೊಗಲು ಇರಬೇಕು, ಪೂಜೆಗೆ ಇಡುವ ಮೊದಲು ಶುದ್ಧ ಮಾಡಬೇಕು ಅಂತ ಅವರ ಲೆಕ್ಕ. ನನ್ನನ್ನು ಕೇಳಿದ್ದರೆ ನೈಲಾನ್ ಅಂತ ಹೇಳುತ್ತಿದ್ದೆ. ಕೇಳಲಿಲ್ಲ. ರೋಮದ ಮೇಲೆ ವಿಭೂತಿ ಹಚ್ಚಿದರು, ಉದುರಿತು. ಮಡಿಕೆ ಬಿಚ್ಚಿದರು. ಒಳಗೆ ಅಂಟು. ಮೂರು ಬೆರಳಿನಲ್ಲಿ ವಿಭೂತಿ ಎಳೆದರೆ ಗೋಡೆಗೆ ಸುಣ್ಣ ಹಿಡಿದ ಹಾಗೆ ಹಿಡಿಯಿತು. ಅವರಿಗೆ ಹುರುಪು ಬಂತು. ಉದ್ದಕ್ಕೂ ವಿಭೂತಿ, ವಿಭೂತಿಯ ಮೇಲೆ ಕುಂಕುಮ, ಕುಂಕುಮದ ಮೇಲೆ ಅಕ್ಷತೆ, ಮೇಲೊಂದು ಹತ್ತಿಯ ಹಾರ.

"ನೋಡ ಶಂಕ್ರವ್ವಾ," ಎಂದು ನನ್ನನ್ನು ಕರೆದು ತೋರಿಸಿದರು, "ಎಷ್ಟ ಛಂದ ಹಿಡೀತ ನೋಡು. ಪಾನಾಕ್ಕ ಹಚ್ಚಿದ್ದು ಹಿಂಗ ನಿಂತಿಲ್ಲ."

ನನ್ನ ಕೈಯಲ್ಲಿ ಲಟ್ಟಣಿಗೆ ಇತ್ತು. ಅದನ್ನು ಕೆಳಗಿಟ್ಟು ಮಾತಾಡುವಷ್ಟು ಬುದ್ಧಿ ಅವತ್ತು ದೇವರು ಕೊಟ್ಟ. ಆದರೆ ಬಸವರಾಜ ಆಗಲೇ ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿಬಿಟ್ಟಿದ್ದ. ಪೂಜೆ ಆಯಿತು. ಇನ್ನು ಮುಟ್ಟುವಂತಿಲ್ಲ.

ಮಧ್ಯಾಹ್ನ ಹುಡುಗಿ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಬೆವರು ಒರೆಸಿಕೊಳ್ಳುವುದನ್ನೂ ಮರೆತು ಪೂಜೆಯ ಮುಂದೆ ಮೊಣಕಾಲೂರಿ ಕುಳಿತಳು. ನೋಡಿದವರು ಭಕ್ತಿ ಅಂದುಕೊಳ್ಳಬೇಕು, ಹಾಗೆ.

"ದೊಡ್ಡಾಯಿ, ಇದನ್ನ ಈಗ ತಗೀಲೇನ? ಒಣಗಿದ್ರ ಕೆಡತೈತಿ."

"ಬನ್ನಿ ಮುಡಿಯೂತನಾ ಮುಟ್ಟಬಾರದವಾ. ಟೀಚರ್ ಆಗಿ ಅಷ್ಟೂ ಗೊತ್ತಿಲ್ಲೇನ?"

ಅವಳು ತಂದೆಯ ಮುಖ ನೋಡಿದಳು. ಬಸವರಾಜ ಹೋಳಿಗೆಯ ಮುಖ ನೋಡಿದ. ಅವಳು ಎದ್ದು ಸ್ನಾನಕ್ಕೆ ಹೋದಳು. ಇಡೀ ದಿನ ಆ ಪಟ್ಟಿ ನಮ್ಮೆದುರಿಗೇ ಒಣಗಿತು. ಅವಳು ಹೋಗಿ ಬಂದು ಅದನ್ನು ನೋಡುವುದು, ನಾನು ಅವಳನ್ನು ನೋಡುವುದು. ಕಳ್ಳ ಬಂದು ಒಯ್ದಿದ್ದರೆ ಪೊಲೀಸರಿಗಾದರೂ ಹೇಳಬಹುದಿತ್ತು.

ಬನ್ನಿ ಹಂಚಿ ಬಂಗಾರದಂಗ ಇರೂಣು ಅಂತ ಎಲ್ಲರೂ ಒಬ್ಬರ ಕಾಲಿಗೊಬ್ಬರು ಬಿದ್ದ ಮೇಲೆ ಪಟ್ಟಿ ತೆಗೆದಳು. ಅಂಟಿನ ಮೈ ಉಪ್ಪುಕಾಗದದ ಹಾಗಾಗಿತ್ತು. ಹಲಗೆಗೆ ಒತ್ತಿದರೆ ಜಾರಿ ಬಿತ್ತು. ಅವಳು ಅಳಲಿಲ್ಲ, ಹಲ್ಲು ಕಚ್ಚಿ ತಾಶಿಗೆ ಫೋನ್ ಹಚ್ಚಿದಳು. ಫೋನ್ ನಾನು ಇಸಿದುಕೊಂಡೆ. ನಿಜಾಮರ ಕಾಲದಿಂದ ನಮ್ಮ ಕಡೆ ಉಳಿದಿರುವ ಹಿಂದಿ ನನಗೆ ಧಾರಾಳವಾಗಿ ಬರುತ್ತದೆ. "ಬೇಟಾ, ಘರ್ ಮೇ ಪೂಜಾ ಹುವಾ, ಪಟ್ಟಿ ಕೋ ಭಸ್ಮ ಲಗ್ ಗಯಾ," ಅಂದೆ. ಆ ಕಡೆ ತಾಶಿ ನಕ್ಕ. ನನ್ನ ತಾಯಿಯೂ ನನ್ನ ಹೊಸ ಸ್ಕೀಗೆ ಒಳ್ಳೆಯದಾಗಲಿ ಅಂತ ಬೆಣ್ಣೆ ಹಚ್ಚಿದ್ದಳು ಅಮ್ಮಾಜಿ ಅಂದ. ಅವನ ತಾಯಿಯ ಹತ್ತಿರ ಒಮ್ಮೆ ಮಾತಾಡಬೇಕು ಅನ್ನಿಸಿತು ನನಗೆ.

ನಕ್ಕು ಮುಗಿಸಿದ ಮೇಲೆ ಅವನು ಹೇಳಿದ್ದು ನಗುವ ಮಾತಲ್ಲ. ಚಳಿಯಲ್ಲಿ ಅಂಟು ಬಿಟ್ಟರೆ ಪಟ್ಟಿ ಇಳಿಜಾರಿನ ನಡುವೆ ಕಳಚಿ ಬೀಳುತ್ತದೆ. ಕೆಟ್ಟ ಪಟ್ಟಿ ತಂದವರನ್ನು ನಾನು ಕರೆದೊಯ್ಯುವುದಿಲ್ಲ ಅಂದ. ಅವಳ ಸ್ಕೀಯ ಅಳತೆಗೆ ಹೊಸದು ಹೊರದೇಶದಿಂದ ಬರಬೇಕು, ಅಷ್ಟರೊಳಗೆ ಬರುವುದಿಲ್ಲ. ದಾರಿ ಒಂದೇ. ಅಂಟಿನ ಮೇಲೆ ಖಾಕಿ ಕಾಗದ ಹಾಸಿ, ಸಣ್ಣ ಕಾವಿನ ಇಸ್ತ್ರಿ ಎಳೆದು, ಹಳೆಯ ಅಂಟೆಲ್ಲ ಕಾಗದಕ್ಕೆ ಬರುವಂತೆ ಕೀಳಬೇಕು. ಹೊಸ ಅಂಟಿನ ಟ್ಯೂಬು ನಾನು ಕಳಿಸುತ್ತೇನೆ, ತೆಳ್ಳಗೆ ಹಚ್ಚಬೇಕು. ಸಂಕ್ರಾಂತಿ ಕಳೆದ ಕೂಡಲೇ ಫೋಟೊ ಕಳಿಸಬೇಕು, ನೋಡಿ ಹೂಂ ಅನ್ನುತ್ತೇನೆ ಅಂದ.

ಮಾಡಬಹುದಾದ ಕೆಲಸವೇ. ಮಾಡಿ ಮುಗಿಸಬಹುದಿತ್ತು. ಆದರೆ ಊಟಕ್ಕೆ ಕುಳಿತಾಗ ನೀಲಮ್ಮಕ್ಕ ಬಾಯಿ ತೆಗೆದರು.

"ಬಸ್ಯಾ, ನಾ ಒಂದ ಮಾತ ಹೇಳತೀನಿ. ಖಂಡೇ ಪೂಜಿ ದಿನಾನ ಹಿಂಗಾತಂದ್ರ ದೇವಿಗೆ ಮನಸಿಲ್ಲ. ಹುಡುಗಿ ಹೋಗೂದು ಬ್ಯಾಡ. ಅಲ್ಲಿ ಹಿಮಾ ಕುಸೀತೈತಂತ, ಟೀವಿಯಾಗ ತೋರಸ್ತಾರ."

ಅವರು ಅಂದ ಮಾತುಗಳಲ್ಲಿ ನಾನು ಇಂದಿಗೂ ನುಂಗಲಾರದ್ದು ಇದೇ. ನಾನು ತಟ್ಟೆ ಸರಿಸಿದೆ.

"ಯಕ್ಕಾ, ಹಚ್ಚಿದವರು ನೀವು. ಅಕ್ಷತಿ ಒತ್ತಿದವರು ನೀವು. ದೇವಿ ಹೆಸರ ಯಾಕ ತರ್ತೀರಿ? ಆಕಿ ಹೇಮಗುಡ್ಡದಾಗ ತನ್ನ ಪಾಡಿಗೆ ತಾ ಕುಂತಾಳ. ವಾರಾ ವಾರಾ ಈಕಿ ಮೆಟ್ಟಿಲ ಹತ್ತೂದು ನೋಡ್ಯಾಳ. ಬ್ಯಾಡ ಅನ್ನೂದಿದ್ರ ಅಲ್ಲೇ ಅಂತಿದ್ಳು."

"ನೀ ದೇವಿ ಮಾತ ಬಲ್ಲೇನ?"

"ನೀವ ಬಲ್ಲಿರೇನ್ರಿ?"

ನನ್ನ ಸೊಸೆ ಇಬ್ಬರ ತಟ್ಟೆಗೂ ಸಾರು ಬಡಿಸಿ ಮಾತು ಮುಳುಗಿಸಲು ನೋಡಿದಳು. ರೇಣುಕಾ ತಂದೆಯನ್ನೇ ನೋಡುತ್ತಿದ್ದಳು. ಬಸವರಾಜ ಕೈ ತೊಳೆದು, "ನೋಡೂಣು," ಅಂದ.

ನೋಡೂಣು. ಈ ಒಂದು ಮಾತು ಹಿಡಿದುಕೊಂಡು ದೀಪಾವಳಿ ಕಳೆದ, ಎಳ್ಳ ಅಮವಾಸ್ಯೆ ಕಳೆದ. ಟ್ಯೂಬು ಬಂತು, ಗೋಡೆಯ ಮಾಡದಲ್ಲಿ ಕುಳಿತಿತು. ಪಟ್ಟಿ ಟ್ರಂಕಿನಲ್ಲಿ ಕುಳಿತಿತು. ನೀಲಮ್ಮಕ್ಕ ಕುಷ್ಟಗಿಗೆ ಹೋಗಿ ಅಲ್ಲಿಂದಲೇ ಫೋನ್ ಮಾಡಿ ಬೀಗರಿಗೆಲ್ಲ ಸುದ್ದಿ ಮುಟ್ಟಿಸಿದರು. ದೇವಿ ಬೇಡ ಅಂದ ಹುಡುಗಿ ಅಂತ ಹೆಸರಾಯಿತು ನಮ್ಮ ರೇಣುಕಾಗೆ. ಯಾರದೋ ಮದುವೆಗೆ ಹೋದರೆ ಪರಿಚಯವೇ ಇಲ್ಲದವರು ನನ್ನ ಕೈ ಹಿಡಿದು, ಕಳಸಬ್ಯಾಡ್ರಿ ಅಮ್ಮಾರ ಅಂದರು. ನಿಮ್ಮ ಮನೆಯ ಈಳಿಗೆಯ ಬಾಯಿಗೆ ಕುಂಕುಮ ಮೆತ್ತಿಕೊಂಡರೆ ನೀವು ಕಾಯಿಪಲ್ಯ ಹೆಚ್ಚುವುದನ್ನು ಬಿಡುತ್ತೀರಾ ಅಂತ ಕೇಳಿದೆ. ಅಜ್ಜಿಗೆ ವಯಸ್ಸಾಯಿತು ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನನಗೆ ರೇಣುಕಾ ಮೇಲೂ ಸಿಟ್ಟಿತ್ತು. ಸಂಬಳ ತರುವ ಹುಡುಗಿ, ರಜೆ ಮಂಜೂರಾಗಿತ್ತು, ತಾನೇ ಇಸ್ತ್ರಿ ಎಳೆದು ಹೊರಡಬಹುದಿತ್ತು. ಕೇಳ್ರಿ ಅವಳ ಮಾತು: "ಅಪ್ಪ ಹೂಂ ಅನ್ನೂತನಾ ನಾ ಟ್ರಂಕ್ ತಗಿಯೂದಿಲ್ಲ ಆಯಿ. ಜಗಳಾಡಿ ಹೋದ್ರ ಅಲ್ಲಿ ಕಾಲ ನಡುಗ್ತಾವ."

"ನಿಮ್ಮಪ್ಪ ಹೂಂ ಅನ್ನೂದ್ರಾಗ ಅಲ್ಲಿ ಹಿಮಾನೂ ಕರಗತೈತಿ."

ಅವಳು ನಕ್ಕಳು, ಆದರೆ ತಯಾರಿ ಬಿಡಲಿಲ್ಲ. ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲದೆ ದಿನಾ ಅದೇ ಗುಡ್ಡ, ಅದೇ ಚೀಲ. ಪುಷ್ಯದ ಚಳಿಗೆ ಭಾಗ್ಯನಗರವೆಲ್ಲ ತಲೆಗೆ ಟವೆಲ್ ಸುತ್ತಿಕೊಂಡು ಓಡಾಡುವಾಗ ಇವಳು ಮಾಳಿಗೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ನಾನು ಸೋಡಾ ಅಂಗಡಿಯಿಂದ ಐಸ್ ಗಡ್ಡೆ ತರಿಸಿ ಬಕೆಟ್ಟಿಗೆ ಹಾಕುತ್ತಿದ್ದೆ. ಅದರಲ್ಲಿ ಬೆರಳು ಮರಗಟ್ಟುವವರೆಗೆ ಕೈ ಅದ್ದಿ, ಆ ಕೈಯಲ್ಲೇ ಬೂಟಿನ ಬಕಲ್ ಹಾಕುವುದು, ತೆಗೆಯುವುದು. ಬಿರುಗಾಳಿ ಬಂದರೆ ಕೈಗವಸು ಹಾಕಿಕೊಳ್ಳಲೂ ಪುರಸೊತ್ತಿರುವುದಿಲ್ಲವಂತೆ. ಉಳಿದ ಐಸಿನಲ್ಲಿ ನಾನು ಶರಬತ್ತು ಮಾಡಿಕೊಂಡು ಕುಡಿದೆ. ನನಗೂ ಏನಾದರೂ ಲಾಭ ಬೇಕಲ್ಲ.

ಸಂಕ್ರಾಂತಿಗೆ ಸಜ್ಜಿ ರೊಟ್ಟಿ ಹೊತ್ತುಕೊಂಡು ನೀಲಮ್ಮಕ್ಕ ಮತ್ತೆ ಬಂದರು. ತಾಶಿ ಫೋಟೊ ಕೇಳಿ ಮೆಸೇಜು ಕಳಿಸಿದ್ದ. ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಕೊಡುತ್ತೇನೆ ಅಂತ. ರೇಣುಕಾ ಅದನ್ನು ತಂದೆಗೆ ತೋರಿಸಿದಳು. ಅವನು ಓದಿ ಫೋನ್ ವಾಪಸು ಕೊಟ್ಟ. ಅವಳು ಬೂಟು ಹಾಕಿಕೊಂಡು ಹೇಮಗುಡ್ಡಕ್ಕೆ ಹೋದಳು. ಅವಳು ಅತ್ತ ಹೋದದ್ದೇ, ನಾನು ಟ್ರಂಕು ತೆಗೆದೆ.

ಬಸವರಾಜನಿಗೆ ಅವತ್ತು ರಜೆ. ಅಂಗಳದಲ್ಲಿ ಸೈಕಲ್ಲಿನ ಚೈನು ಬಿಚ್ಚಿ ಕುಳಿತಿದ್ದ. ನಾನು ಕಟ್ಟೆಯ ಮೇಲೆ ಅವನಿಗೆ ಕಾಣುವ ಹಾಗೆ ಹಲಗೆ ಹಾಕಿ, ಪಟ್ಟಿ ಹಾಸಿ, ಖಾಕಿ ಕಾಗದ ಇಟ್ಟು, ಇಸ್ತ್ರಿ ಪೆಟ್ಟಿಗೆಯ ವಾಯರು ಚುಚ್ಚಿದೆ. ಗುಂಡಿ ಎಲ್ಲಿಗೆ ತಿರುಗಿಸಬೇಕು ಅಂತ ನನಗೆ ಗೊತ್ತಿಲ್ಲ. ಎಷ್ಟು ತಿರುಗಿತೋ ಅಷ್ಟು ತಿರುಗಿಸಿದೆ. ಬೇಕಂತಲೇ ಹಾಗೆ ಮಾಡಿದೆ ಅಂತ ಈಗ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ.

ಒಂದು ತುದಿಯಿಂದ ಶುರು ಮಾಡಿದೆ. ಗೇಣುದ್ದ ಎಳೆದು ಕಾಗದ ಕಿತ್ತರೆ ಕುಂಕುಮ, ಅಕ್ಷತೆ ಎಲ್ಲ ಬಂತು. ಸಂತೋಷವಾಗಿ, ಅಲ್ಲಿಗೆ ಟ್ಯೂಬು ಹಿಂಡಿ, ಬೆರಳಿನಿಂದ ಹೊಸ ಅಂಟನ್ನೂ ಹಚ್ಚಿಬಿಟ್ಟೆ, ರೊಟ್ಟಿಗೆ ಬೆಣ್ಣೆ ಹಚ್ಚಿದ ಹಾಗೆ. ಮುಂದಿನ ಗೇಣಿಗೆ ಪೆಟ್ಟಿಗೆ ಇಟ್ಟದ್ದೇ ಹೊಗೆ ಎದ್ದಿತು.

"ಯವ್ವಾ," ಅಂದ ಬಸವರಾಜ, ತಲೆ ಎತ್ತದೆ. "ಏನ್ ಸುಡಾಕತ್ತೀ?"

"ನಿನ್ನ ಮಗಳ ನಸೀಬ."

ಮತ್ತೊಂದು ಸಲ ಹೊಗೆ ಬಂತು.

"ಗುಂಡಿ ತಿರುವು. ಕಾವು ಸಣ್ಣದ ಮಾಡು."

"ಯಾವ ಕಡಿ ತಿರುವಲಿ?"

"ಎಡಕ್ಕ."

"ನನ್ನ ಎಡಕ್ಕೋ, ನಿನ್ನ ಎಡಕ್ಕೋ?"

ಚೈನು ಬಿಟ್ಟು ಎದ್ದು ಬಂದ. ನಿಂತು ನೋಡಿದ. ನಾನು ಕಾಗದ ಕೀಳುವ ರೀತಿ ಅವನಿಗೆ ಸಹಿಸಲಾಗಲಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ, ಮಾತು ತಪ್ಪಿದರೆ ತಡೆದುಕೊಳ್ಳುತ್ತಾನೆ, ಕೆಲಸ ತಪ್ಪಿದರೆ ತಡೆದುಕೊಳ್ಳುವುದಿಲ್ಲ. "ಹಿಂಗ ಜಗ್ಗಿದ್ರ ಬಟ್ಟಿ ಹರೀತೈತಿ. ತಾ ಇಲ್ಲೆ," ಅಂತ ಪೆಟ್ಟಿಗೆ ನನ್ನ ಕೈಯಿಂದ ಇಸಿದುಕೊಂಡ.

ಹೊಸ್ತಿಲಲ್ಲಿ ನೀಲಮ್ಮಕ್ಕ ನಿಂತಿದ್ದರು. "ಬಸ್ಯಾ, ನೀ ಯಾಕ ಮುಟ್ಟತೀಯೋ? ದೇವಿ ಬ್ಯಾಡಂದದ್ದು."

"ಅತ್ತೀ, ಯವ್ವ ಕೆಲಸ ಕೆಡಸಾಕತ್ಯಾಳ," ಅಂದ. ಅಷ್ಟೇ. ತಿರುಗಿಯೂ ನೋಡಲಿಲ್ಲ.

ಆಮೇಲೆ ಅವನು ಕೆಲಸ ಮಾಡಿದ್ದನ್ನು ಹೇಳಬೇಕು. ಪೆಟ್ಟಿಗೆ ಆರಲು ಬಿಟ್ಟು, ಅಂಗೈ ಹತ್ತಿರ ಹಿಡಿದು ಕಾವು ನೋಡಿ, ಕಾಗದ ಒತ್ತಿ, ಬಿಸಿ ಇರುವಾಗಲೇ ಒಂದೇ ಸಮನೆ ಹಿಂದಕ್ಕೆ ಸುತ್ತುತ್ತ ಬಂದ. ಬಾಳೆಲೆ ಸುತ್ತಿದ ಹಾಗೆ ಕಾಗದ ಸುತ್ತಿಕೊಳ್ಳುತ್ತ ಹೋಯಿತು. ಅದರೊಳಗೆ ನಾದಿನಿಯ ವಿಭೂತಿ, ಕುಂಕುಮ, ಹತ್ತಿಯ ಎಳೆ. ಉಳಿದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದ. ಟ್ಯೂಬಿನ ಮೇಲಿನ ಚಿತ್ರ ನೋಡಿ, ಪಂಕ್ಚರಿನ ತೇಪೆಗೆ ಸೊಲ್ಯೂಷನ್ ಎಳೆಯುವಂತೆ ತೆಳ್ಳಗೆ ಎಳೆದು, ಆರಲು ಬಿಟ್ಟು, ಮೇಲೆ ಇನ್ನೊಂದು ಸಲ ಎಳೆದ. ನಾನು ಹಚ್ಚಿದ ತುದಿ ಬಂದಾಗ ಬೆರಳಿನಿಂದ ಮುಟ್ಟಿ ನಿಂತ.

"ಇದನ್ನ ತಗದು ಮತ್ತ ಹಚ್ಚಬೇಕು ಯವ್ವಾ."

"ಯಾಕ? ಅದಕ್ಕೇನಾಗೇತಿ? ಹಿಡದು ಜಗ್ಗಿ ನೋಡು. ನಾ ಹಚ್ಚಿದ್ದು ಛಲೋ ಐತಿ, ಮುಟ್ಟಬ್ಯಾಡ."

ತಾಯಿಯ ಮಾತಿಗೆ ಎದುರಾಡಬಾರದು ಅಂತ ಬಿಟ್ಟ. ಸಂಜೆ ರೇಣುಕಾ ಬಂದಾಗ ಎರಡೂ ಪಟ್ಟಿ ಅಂಗಳದ ತಂತಿಯ ಮೇಲೆ ತೂಗುತ್ತಿದ್ದವು. ಅವಳು ಚೀಲ ಇಳಿಸದೆ ಹಾಗೇ ನಿಂತಳು. ಬಸವರಾಜ ಸೈಕಲ್ಲಿನ ಚೈನು ಹಾಕುತ್ತ, "ನಾಳಿ ಮುಂಜಾನಿತನಾ ಮಡಚಬ್ಯಾಡ. ಧೂಳ ಕುಂಡ್ರಲಾರದಂಗ ನೋಡ್ಕೊ," ಅಂದ. ಹೋಗು ಅಂತ ಅನ್ನಲಿಲ್ಲ. ಆ ಮಾತು ಅವನ ಬಾಯಿಂದ ಇಂದಿಗೂ ಬಂದಿಲ್ಲ. ಹೆತ್ತ ಮಗಳನ್ನು ಅಷ್ಟು ತಿಂಗಳು ಕಾಯಿಸಿ, ಕಡೆಗೆ ಧೂಳಿನ ಮಾತಾಡುವ ಗಂಡಸನ್ನು ನಾನೇ ಹೆತ್ತಿದ್ದೇನಲ್ಲ ಅಂತ ನನಗೆ ನನ್ನ ಮೇಲೂ ಸಿಟ್ಟು. ರೇಣುಕಾ ಮಾತ್ರ ಅಲ್ಲೇ ಫೋಟೊ ತೆಗೆದಳು, ಅವನ ಅಂಟು ಹತ್ತಿದ ಕೈಯೂ ಅದರಲ್ಲಿ ಬಂತು. ತಾಶಿಯಿಂದ ಹೂಂ ಬಂತು.

ಹೊರಡುವ ದಿನ ನೀಲಮ್ಮಕ್ಕ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಅರಿವೆ, ಮೇಲೊಂದು ವಿಭೂತಿಯ ಪೊಟ್ಟಣ. "ಹೆದರಬ್ಯಾಡ, ಈ ಸಲ ಹಚ್ಚೂದಿಲ್ಲ. ಕಿಸೆದಾಗ ಇಟ್ಕೋ," ಅಂದರು. ಅಷ್ಟು ಬುದ್ಧಿ ಮಹಾನವಮಿಯ ದಿನ ಎಲ್ಲಿ ಹೋಗಿತ್ತು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಅವಳು ಗುಡ್ಡಕ್ಕೆ ಹೋದ ದಿನಗಳಲ್ಲಿ ಫೋನ್ ಇಲ್ಲ. ನಮ್ಮಲ್ಲಿ ಬಿಸಿಲು ಏರುತ್ತಿತ್ತು, ಜೋಳದ ರಾಶಿ ನಡೆದಿತ್ತು. ಬಸವರಾಜ ಡಿಪೋದಿಂದ ಬಂದವನು ಉಣ್ಣುವ ಮೊದಲು ಕಟ್ಟೆಯ ಮೇಲೆ ಕುಳಿತು ಕೈ ಬೆರಳು ಒಂದಕ್ಕೊಂದು ಒತ್ತಿ ಬಿಡಿಸಿ ನೋಡಿಕೊಳ್ಳುತ್ತಿದ್ದ. ಏನದು ಅಂದರೆ, ಏನಿಲ್ಲ ಅನ್ನುತ್ತಿದ್ದ. ಒಂದು ಮಧ್ಯಾಹ್ನ ಫೋನ್ ಬಂತು. ಇಳಿದು ಬಂದೆವು, ಎಲ್ಲರೂ ಚೆನ್ನಾಗಿದ್ದೇವೆ. ಸೊಸೆ ಅತ್ತಳು. ನಾನು ನೀಲಮ್ಮಕ್ಕನಿಗೆ ಫೋನ್ ಮಾಡಿ, ದೇವಿ ಬೇಡ ಅಂದ ಹುಡುಗಿ ಗುಡ್ಡ ಹತ್ತಿ ಇಳಿದಾಳ ನೋಡ್ರಿ ಅಂದೆ. ಆ ಕಡೆಯಿಂದ ಬಂದ ಉತ್ತರ ಕೇಳಿ ಕುರ್ಚಿ ಹುಡುಕಿದೆ. "ನಾ ಪೂಜಿ ಮಾಡಿದ್ದಕ್ಕ ಪಾರಾದ್ಳು," ಅಂದರು. ಕುಷ್ಟಗಿಯಲ್ಲಿ ಈಗಲೂ ಇದೇ ಸುದ್ದಿ ಚಾಲ್ತಿಯಲ್ಲಿದೆ. ಯಾರಾದರೂ ಆ ಕಡೆಯವರು ಓದಿದರೆ ತಿದ್ದಿಕೊಳ್ಳಬೇಕು.

ಕೊಪ್ಪಳದ ಸ್ಟೇಷನ್ನಿಗೆ ನಾನು, ಬಸವರಾಜ ಇಬ್ಬರೂ ಹೋದೆವು. ಅವಳು ಇಳಿದಳು. ಕಣ್ಣಿನ ಸುತ್ತ ಕನ್ನಡಕದ ಬಿಳಿ ಗುರುತು ಬಿಟ್ಟರೆ ಮುಖವೆಲ್ಲ ಸುಟ್ಟ ಬದನೆಕಾಯಿ, ತುಟಿ ಒಡೆದಿತ್ತು, ಹಲ್ಲೆಲ್ಲ ನಗುತ್ತಿದ್ದವು. ನಾನು ದೃಷ್ಟಿ ತೆಗೆಯಲು ಕೈ ಎತ್ತಿದ್ದೆ. ಅಷ್ಟರಲ್ಲಿ ಬಸವರಾಜ ನನ್ನನ್ನು ದಾಟಿ ಮುಂದೆ ಹೋದ. ಹೇಗಿದ್ದೀ, ಊಟ ಆಯಿತಾ, ಕೈ ಕಾಲು ನೆಟ್ಟಗಿದಾವಾ, ಒಂದೂ ಇಲ್ಲ.

"ಅಂಟು ಹಿಡೀತೇನವಾ?"

"ಹಿಡೀತಪ್ಪಾ. ಭಾಳ ಥಂಡಿ ಇತ್ತು, ಉಳಿದವರವು ಬಿಟ್ವು, ನಂದು ಹಿಡೀತು. ಯಾರ ಹಚ್ಯಾರ ಅಂತ ತಾಶಿ ಕೇಳಿದ." ಬೆನ್ನಿನ ಚೀಲ ಇಳಿಸಿ, "ಒಂದು ತುದಿ ಮಾತ್ರ ಬಿಟ್ಟಿತ್ತು. ತಾಶಿ ಟೇಪ ಸುತ್ತಿಕೊಟ್ಟ," ಅಂದಳು.

"ಯಾವ ತುದಿ?"

ಅವಳು ನನ್ನ ಕಡೆ ನೋಡಿದಳು. ಅವನೂ ನೋಡಿದ. ಪ್ಲಾಟ್‌ಫಾರ್ಮಿನ ಮೇಲೆ ಅಷ್ಟು ಜನರ ನಡುವೆ ತಂದೆ ಮಗಳು ಇಬ್ಬರೂ ನನ್ನನ್ನು ನೋಡಿ ನಕ್ಕರು.

ಇಲ್ಲಿ ಬರೆದಿಡುತ್ತೇನೆ. ಆ ತುದಿ ಬಿಟ್ಟದ್ದು ನನ್ನ ಕೈಯ ತಪ್ಪಲ್ಲ. ಅದರ ಅಡಿಯಲ್ಲಿ ನಾದಿನಿಯ ವಿಭೂತಿ ಉಳಿದಿತ್ತು, ಅದು ಯಾರ ಇಸ್ತ್ರಿಗೂ ಬಗ್ಗುವಂಥದ್ದಲ್ಲ. ಇದನ್ನು ನಾನು ದಾರಿಯುದ್ದಕ್ಕೂ ಆಟೋದಲ್ಲಿ ಹೇಳಿದೆ, ಇಬ್ಬರೂ ಕೇಳಲಿಲ್ಲ. ಮನೆ ಮುಟ್ಟಿದ ಮೇಲೆ ಹುಡುಗಿ ಇನ್ನೂ ಕೈಕಾಲು ತೊಳೆದಿರಲಿಲ್ಲ; ಬಸವರಾಜ ಅವಳ ಚೀಲದಿಂದ ಪಟ್ಟಿ ತೆಗೆದು, ಕಟ್ಟೆಯ ಮೇಲೆ ಹಲಗೆ ಹಾಕಿ, ಆ ತುದಿಯ ಅಂಟು ಕೆರೆಯಲು ಕುಳಿತ. ಬರುವ ಚಳಿಗಾಲದೊಳಗೆ ಚೊಕ್ಕ ಆಗಬೇಕಂತೆ. ಕೆರೆಯಲಿ, ಬೇಡ ಅನ್ನುವುದಿಲ್ಲ. ಆದರೆ ನಾನು ಹಚ್ಚಿದ್ದನ್ನು ಕೆರೆಯುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು.